ತಳಕ್ಕಿಳಿದ ಎಣ್ಣೆಗಟ್ಟಿ

"ಮೇಡಂ, ನೀವು ನನ್ನ ಎಣ್ಣೆಗೆ ಮರ್ಯಾದೆಯೇ ಕೊಡುವುದಿಲ್ಲ," ಎಂದರು ಅಬ್ದುಲ್ ರವೂಫ್.

ಪಾಣೆಮಂಗಳೂರಿನ ಪೇಟೆಯಲ್ಲಿ ಅವರದು ಸಣ್ಣ ಎಣ್ಣೆ ಮಿಲ್ಲು. ಕೊಬ್ಬರಿ ಅರೆಯುವ ಯಂತ್ರದ ಸದ್ದಿನಲ್ಲಿ ಅಲ್ಲಿ ಯಾರೂ ಮೆತ್ತಗೆ ಮಾತಾಡುವುದಿಲ್ಲ. ಹಾಗಾಗಿ ರವೂಫ್ ಅವರ ದೂರು ಬಾಗಿಲಲ್ಲಿ ನಿಂತಿದ್ದ ಗಿರಾಕಿಗಳಿಗೆಲ್ಲ ಕೇಳಿಸಿತು. ಶಶಿಪ್ರಭಾ ಎಣ್ಣೆ ಕ್ಯಾನನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡರು.

"ಬೇರೆ ಎಣ್ಣೆ ಬೆರೆತಿದೆಯಾ ಅಂತ ಕೇಳಿದ್ದು ಅಷ್ಟೆ, ರವೂಫಣ್ಣ. ನನ್ನ ಲೆಕ್ಕಕ್ಕಿಂತ ಬೇಗ ಕರಗ್ತಾ ಉಂಟು."

"ಕರಗಿದರೆ ಒಳ್ಳೇದಲ್ವಾ? ಡಿಸೆಂಬರ್ ಬಂತು ಅಂದ್ರೆ ಊರಿನವರೆಲ್ಲ ಎಣ್ಣೆ ಕರಗುದಿಲ್ಲ ಅಂತ ನನಗೆ ಬೈತಾರೆ. ಕರಗ್ತದೆ ಅಂತ ಬೈಯುವವರು ನೀವೊಬ್ರೇ ಮಾರಾಯ್ರೆ."

ಗಿರಾಕಿಗಳು ನಕ್ಕರು. ಶಶಿಪ್ರಭಾ ಕೂಡ ನಕ್ಕರು. ಆದರೆ ಬಿ.ಸಿ. ರೋಡಿನಿಂದ ಮೂಡುಬಿದಿರೆಯ ಬಸ್ಸು ಹತ್ತಿ, ಕ್ಯಾನನ್ನು ಕಾಲ ಬಳಿ ಇಟ್ಟುಕೊಂಡು ಕುಳಿತ ಮೇಲೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಮಾರ್ಚ್ ಕೊನೆಯೊಳಗೆ ಅವರ ಲೆಕ್ಕವೂ ಪ್ರಯೋಗವೂ ಒಂದಕ್ಕೊಂದು ತಾಳೆಯಾಗಬೇಕಿತ್ತು. ಆಗದಿದ್ದರೆ ಪಿಎಚ್‌ಡಿ ನೋಂದಣಿ ರದ್ದು. ವಿಶ್ವವಿದ್ಯಾಲಯ ಕೊಟ್ಟ ಕೊನೆಯ ವಿಸ್ತರಣೆ ಅದು. ಇನ್ನೊಮ್ಮೆ ಕೇಳುವ ಹಾಗಿರಲಿಲ್ಲ.

ಶಶಿಪ್ರಭಾ ಹುಟ್ಟಿದ್ದು ಬೆಳುವಾಯಿಯಲ್ಲಿ. ತಂದೆ ಧರ್ಣಪ್ಪ ಶೆಟ್ಟರಿಗೆ ಭತ್ತದ ಗದ್ದೆಯಿತ್ತು, ಅದರ ಜೊತೆಗೆ ಎರಡು ದಿನ ಓಡಿದರೆ ಮೂರನೆಯ ದಿನ ಮುನಿಸಿಕೊಳ್ಳುವ ಒಂದು ಪವರ್ ಟಿಲ್ಲರ್ ಇತ್ತು. ಮೆಕ್ಯಾನಿಕ್ ಪೇಟೆಯಿಂದ ಬರುವಷ್ಟರಲ್ಲಿ ಹೈಸ್ಕೂಲಿನ ಹುಡುಗಿ ಅದರ ಕಾರ್ಬುರೇಟರ್ ಬಿಚ್ಚಿ, ಊದಿ, ಮತ್ತೆ ಜೋಡಿಸಿರುತ್ತಿದ್ದಳು. ಮೆಕ್ಯಾನಿಕಲ್ ಇಂಜಿನಿಯರಿಂಗಿಗೆ ಸೇರುತ್ತೇನೆ ಎಂದಾಗ ನೆಂಟರು ಹುಬ್ಬೇರಿಸಿದರು. ಧರ್ಣಪ್ಪ ಮಾತ್ರ, "ಸೇರಲಿ, ಮೆಕ್ಯಾನಿಕ್ಕಿನ ಖರ್ಚು ಉಳೀತದೆ," ಎಂದರಂತೆ. ಆ ಬ್ಯಾಚಿನ ಮೆಕ್ಯಾನಿಕಲ್ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಓದು ಮುಗಿದ ಮೇಲೆ ಮೂಡುಬಿದಿರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠಕ್ಕೆ ನಿಂತರು. ಕಕ್ಕಿಂಜೆಯ ನಿತ್ಯಾನಂದರನ್ನು ಮದುವೆಯಾದರು. ನಿತ್ಯಾನಂದರದು ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲು. ಬೆಳಗ್ಗಿನ ಬನ್ಸ್, ಸಂಜೆಯ ಗೋಳಿಬಜೆ. ಮಗಳು ಪ್ರಾಪ್ತಿ ಪಿಯುಸಿ.

ಪಿಎಚ್‌ಡಿಗೆ ನೋಂದಾಯಿಸಿದಾಗ ಶಶಿಪ್ರಭಾ ಅವರಿಗೆ ನಲವತ್ತು. ಆರಿಸಿಕೊಂಡ ವಿಷಯ, ಮನೆಯಲ್ಲಿ ಹೇಳುವಾಗ, ತೆಂಗಿನೆಣ್ಣೆ ಕರಗುವುದು. ಕಾಲೇಜಿನಲ್ಲಿ ಹೇಳುವಾಗ, ಚಲಿಸುವ ಗಡಿಯ ಸಮಸ್ಯೆ. ಎರಡೂ ಒಂದೇ. ಗಟ್ಟಿ ಎಣ್ಣೆ ಬಿಸಿಗೆ ಕರಗುವಾಗ ಬಿಳಿ ಗಟ್ಟಿಗೂ ತಿಳಿ ಎಣ್ಣೆಗೂ ನಡುವೆ ಒಂದು ಗೆರೆ ಇರುತ್ತದೆ. ಆ ಗೆರೆ ನಿಂತಲ್ಲಿ ನಿಲ್ಲುವುದಿಲ್ಲ. ಎಷ್ಟು ಶಾಖ ಬಂತು ಎಂದು ತಿಳಿಯಬೇಕಾದರೆ ಗೆರೆ ಎಲ್ಲಿದೆ ಎಂದು ಗೊತ್ತಿರಬೇಕು. ಗೆರೆ ಎಲ್ಲಿದೆ ಎಂದು ತಿಳಿಯಬೇಕಾದರೆ ಎಷ್ಟು ಶಾಖ ಬಂತು ಎಂದು ಗೊತ್ತಿರಬೇಕು. ತಂದೆಗೆ ಅವರು ಇದನ್ನು ಹೀಗೆ ವಿವರಿಸಿದ್ದರು: ಸರ್ವೆಯವರು ಬಂದು ಗದ್ದೆ ಅಳೆಯುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. ಅವರು ಚೈನು ಎಳೆಯುತ್ತಿರುವಾಗಲೇ ಬದು ಎದ್ದು ನಡೆಯಲಿಕ್ಕೆ ಶುರುಮಾಡಿದರೆ ಹೇಗೆ? ಧರ್ಣಪ್ಪ ಸ್ವಲ್ಪ ಯೋಚಿಸಿ, "ನಮ್ಮ ಪಕ್ಕದ ಗದ್ದೆಯವನ ಬದು ಹಾಗೇ ಅಲ್ವಾ?" ಎಂದಿದ್ದರು.

ಇದರಿಂದ ಉಪಯೋಗವೂ ಉಂಟು. ಹಗಲಿನ ಶಾಖವನ್ನು ಕರಗುತ್ತಾ ನುಂಗಿ, ರಾತ್ರಿ ಗಟ್ಟಿಯಾಗುತ್ತಾ ಬಿಟ್ಟುಕೊಡುವ ತೆಂಗಿನೆಣ್ಣೆಯ ಡಬ್ಬಿಗಳನ್ನು ಹೆಂಚಿನ ಮಾಡಿನ ಅಡಿಯಲ್ಲಿ ಇಟ್ಟರೆ ಮನೆ ಎಷ್ಟು ತಂಪಾದೀತು ಎಂಬುದು ಶಶಿಪ್ರಭಾ ಅವರ ಪ್ರಶ್ನೆ. ಅದಕ್ಕೆ ಮೊದಲು ಒಂದು ಡಬ್ಬಿ ಎಣ್ಣೆ ಕರಗಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿ ಹೇಳಲು ಬರಬೇಕು. ಆ ಒಂದು ಡಬ್ಬಿಯೇ ಅವರನ್ನು ಕಾಡುತ್ತಿತ್ತು. ಲೆಕ್ಕ ಹೇಳಿದ ಹೊತ್ತಿನ ಮೂರರಲ್ಲಿ ಎರಡು ಪಾಲು ಮುಗಿಯುವಷ್ಟರಲ್ಲಿ ಎಣ್ಣೆ ಪೂರ್ತಿ ಕರಗಿಬಿಡುತ್ತಿತ್ತು. ಪ್ರತಿ ಸಲವೂ ಹಾಗೇ.

ಅವರ ಗೈಡ್ ಅಶ್ವಿತ್. ಅವನು ಅವರದೇ ಹಳೆಯ ವಿದ್ಯಾರ್ಥಿ. ಮೊದಲ ವರ್ಷದಲ್ಲಿ ಅವನಿಗೆ ಬಲಗಳ ಪಾಠ ಮಾಡಿದವರು, ಕೊನೆಯ ಬೆಂಚಿನಿಂದ ಎಬ್ಬಿಸಿ ಮುಂದೆ ಕೂರಿಸಿದವರು ಶಶಿಪ್ರಭಾ. ಅವನು ಹೊರಗೆ ಹೋಗಿ ಡಾಕ್ಟರೇಟ್ ಮಾಡಿ ಅದೇ ಕಾಲೇಜಿಗೆ ಬಂದ. ಕಾಗದದ ಪ್ರಕಾರ ಈಗ ಇವರು ಅವನ ವಿದ್ಯಾರ್ಥಿನಿ. ವಿಭಾಗದಲ್ಲಿ ಇವರು ಅವನನ್ನು "ಸರ್" ಎನ್ನುತ್ತಾರೆ, ಅವನು ಇವರನ್ನು "ಮೇಡಂ" ಎನ್ನುತ್ತಾನೆ. ಸಿಟ್ಟು ಬಂದಾಗ ಮಾತ್ರ ಇವರು "ಮಾರಾಯ"ಕ್ಕೆ ಇಳಿಯುತ್ತಾರೆ. ಆಗ ಅವನು ತನಗೇ ಗೊತ್ತಿಲ್ಲದಂತೆ ಎದ್ದು ನಿಲ್ಲುತ್ತಾನೆ.

"ಮೇಡಂ, ಕೆಳಗಿನ ಥರ್ಮೋಕಪಲ್ ಪುನಃ ಹಾಳಾಗಿದೆ ಕಾಣ್ತದೆ," ಎಂದ ಅಶ್ವಿತ್, ಹೊಸ ಎಣ್ಣೆಯ ಫಲಿತಾಂಶ ನೋಡುತ್ತಾ. ಶಾಖ ಅಳೆಯುವ ತಂತಿಗಳನ್ನು ಸ್ಟೀಲ್ ಡಬ್ಬಿಯ ಒಳಗೆ ಮೇಲ್ಭಾಗದಲ್ಲಿ, ನಡುವೆ, ತಳದಲ್ಲಿ ಕೂಡಿಸಿದ್ದರು. ಬಿಸಿ ನೀರಿನಲ್ಲಿಟ್ಟಾಗ ಮೇಲಿನವು ಸರಸರ ಏರುತ್ತಿದ್ದವು. ತಳದ್ದು ಮಾತ್ರ ಕೊನೆಯವರೆಗೂ ತಣ್ಣಗೆ ಕೂರುತ್ತಿತ್ತು.

"ಅದನ್ನು ಬದಲಿಸಿ ಆಯ್ತು ಸರ್. ಒಂದು ಸಲ ಅಲ್ಲ."

"ಹಾಗಾದ್ರೆ ಗಟ್ಟಿಯಲ್ಲೇ ದೋಷ ಇರಬಹುದು. ಫ್ರಿಜ್ಜಿನಲ್ಲಿಟ್ಟು ಗಡಿಬಿಡಿಯಲ್ಲಿ ಗಟ್ಟಿ ಮಾಡಿದ್ರೆ ಒಳಗೆ ಬಿರುಕು ಬೀಳ್ತದೆ. ಬಿರುಕಿನಲ್ಲಿ ಬಿಸಿ ಎಣ್ಣೆ ನುಗ್ಗಿದ್ರೆ ಬೇಗ ಕರಗ್ತದೆ. ನಿಧಾನಕ್ಕೆ, ಚಳಿಯಲ್ಲಿ ತಾನಾಗಿ ಗಟ್ಟಿಯಾಗ್ಬೇಕು."

"ಮೂಡುಬಿದಿರೆಯಲ್ಲಿ ಅಷ್ಟು ಚಳಿ ಎಲ್ಲಿ ಉಂಟು?"

"ನಿಮ್ಮ ಗಂಡನ ಮನೆ ಕಕ್ಕಿಂಜೆ ಅಲ್ವಾ? ಚಾರ್ಮಾಡಿಯ ಬುಡದಲ್ಲಿ ಈಗ ಒಳ್ಳೆ ಚಳಿ ಇರ್ತದೆ."

"ಸಂಶೋಧನೆ ಮಾಡ್ಲಿಕ್ಕೆ ಗಂಡನ ಮನೆಗೆ ಹೋಗುವ ಹೆಂಗಸು ನಾನೊಬ್ಳೇ ಇರ್ಬೇಕು ಮಾರಾಯ," ಎಂದರು ಶಶಿಪ್ರಭಾ. ಅಶ್ವಿತ್ ಎದ್ದು ನಿಂತ.

ಜನವರಿಯ ಒಂದು ಶನಿವಾರ ಸಂಜೆ ನಿತ್ಯಾನಂದರ ಓಮ್ನಿ ವ್ಯಾನು ಬೆಳ್ತಂಗಡಿ ದಾಟಿ ಕಕ್ಕಿಂಜೆ ತಲುಪಿತು. ಹಿಂದಿನ ಸೀಟಿನಲ್ಲಿ ಸ್ಟೀಲ್ ಡಬ್ಬಿಗಳು, ತಂತಿಗಳು, ಶಾಖ ದಾಖಲಿಸುವ ಯಂತ್ರ, ರವೂಫ್ ಅವರ ಎಣ್ಣೆ, ಇವುಗಳ ನಡುವೆ ಇಕ್ಕಟ್ಟಿನಲ್ಲಿ ಪ್ರಾಪ್ತಿ. "ಅಮ್ಮನಿಗೆ ನನಗಿಂತ ಎಣ್ಣೆಯ ಮೇಲೆ ಪ್ರೀತಿ ಜಾಸ್ತಿ. ಸೀಟ್ ಬೆಲ್ಟ್ ಕೂಡ ಅದಕ್ಕೇ ಹಾಕಿದ್ದಾರೆ," ಎಂದು ಅವಳು ದಾರಿಯುದ್ದಕ್ಕೂ ಅಪ್ಪನಿಗೆ ವರದಿ ಒಪ್ಪಿಸುತ್ತಿದ್ದಳು.

ಮನೆಯಲ್ಲಿ ನಿತ್ಯಾನಂದರ ಅಣ್ಣನ ಸಂಸಾರ, ಜೊತೆಗೆ ತಾಯಿ ರಾಜೀವಿ. ಎಂಬತ್ತರ ಹತ್ತಿರವಾದರೂ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಅವರೇ. ಶಶಿಪ್ರಭಾ ತುಳುವರ ಕ್ರಮದಂತೆ ಅತ್ತೆಯನ್ನು "ಮಾಮಿ" ಎನ್ನುತ್ತಾರೆ. ಮಾಮಿ ಟಿವಿಯ ಧಾರಾವಾಹಿಯಲ್ಲಿ ಮುಳುಗಿದ್ದ ಹೊತ್ತು ಅದು. ಶಶಿಪ್ರಭಾ ಡಬ್ಬಿಗಳಿಗೆ ಎಣ್ಣೆ ತುಂಬಿ, ತಂತಿಗಳನ್ನು ಇಳಿಬಿಟ್ಟು, ಜಗಲಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಉಳಿದ ಎಣ್ಣೆಯನ್ನು ಒಂದು ಖಾಲಿ ಉಪ್ಪಿನಕಾಯಿ ಬಾಟಲಿಗೆ ಸುರಿದು ಅದರ ಪಕ್ಕದಲ್ಲಿಟ್ಟರು. "ಮಾಮಿ, ಇದು ಕಾಲೇಜಿನದ್ದು," ಎಂದರು. ಮಾಮಿ ಟಿವಿಯಿಂದ ಕಣ್ಣು ತೆಗೆಯದೆ "ಆಯ್ತು ಮಗಾ" ಎಂದರು.

ಬೆಳಗ್ಗೆ ಎದ್ದಾಗ ಘಾಟಿಯ ಕಡೆಯಿಂದ ಇಳಿದ ಮಂಜು ಅಂಗಳದಲ್ಲಿ ಇನ್ನೂ ನಿಂತಿತ್ತು. ಶಶಿಪ್ರಭಾ ಶಾಲು ಹೊದ್ದು, ಬಹಳ ಖುಷಿಯಿಂದ ಜಗಲಿಗೆ ಬಂದರು. ಇಂಥ ಚಳಿಯಲ್ಲಿ ಎಣ್ಣೆ ಬಿರುಕಿಲ್ಲದೆ, ಹಾಲಿನ ಹಾಗೆ ಬಿಳಿಯಾಗಿ ಗಟ್ಟಿಯಾಗಿರಲೇಬೇಕು.

ಕಟ್ಟೆ ಖಾಲಿಯಿತ್ತು.

ತಂತಿಗಳು ಮಾತ್ರ ಇದ್ದವು. ಅವನ್ನು ಯಾರೋ ಚೆಂದವಾಗಿ ಸುತ್ತಿ, ಗೋಡೆಯ ಮೊಳೆಗೆ ತೂಗುಹಾಕಿದ್ದರು.

ಬಚ್ಚಲುಮನೆಯಿಂದ ಹೊಗೆ ಬರುತ್ತಿತ್ತು. ಶಶಿಪ್ರಭಾ ಓಡಿದರು. ಒಲೆ ಧಗಧಗ ಉರಿಯುತ್ತಿತ್ತು. ತಾಮ್ರದ ಹಂಡೆಯ ಸುತ್ತ, ಬೆಚ್ಚಗಿನ ಕಟ್ಟೆಯ ಮೇಲೆ, ಅವರ ಸ್ಟೀಲ್ ಡಬ್ಬಿಗಳು ಮದುವೆಗೆ ಬಂದ ನೆಂಟರ ಹಾಗೆ ಒತ್ತೊತ್ತಾಗಿ ಕುಳಿತಿದ್ದವು. ಒಂದರ ಮುಚ್ಚಳ ತೆಗೆದು ನೋಡಿದರು: ತಿಳಿ ಎಣ್ಣೆ. ಇನ್ನೊಂದು: ತಿಳಿ ಎಣ್ಣೆ.

"ಎದ್ದೆಯಾ? ಬಾ ಬಾ," ಎಂದರು ರಾಜೀವಿ, ಬಿಸಿ ನೀರಿನ ಬಾಲ್ದಿಯ ಮುಂದೆ ಕುಳಿತವರು. "ಎಲ್ಲಾ ಗಟ್ಟಿಯಾಗಿ ಕಲ್ಲಾಗಿತ್ತು. ನಾನು ನೋಡಿದ್ದು ಒಳ್ಳೇದಾಯ್ತು. ಕಾಲೇಜಿನವರಿಗೆ ಗಟ್ಟಿ ಎಣ್ಣೆ ತಕೊಂಡು ಹೋಗಿ ಕೊಡುವುದಾ?"

ಶಶಿಪ್ರಭಾ ಮುಚ್ಚಳವನ್ನು ಮತ್ತೆ ಮುಚ್ಚಿದರು. ಸಿಟ್ಟು ಮಾಡುವಂತಿರಲಿಲ್ಲ. ಚಳಿಗಾಲದಲ್ಲಿ ಮೊದಲು ಎದ್ದವರು ಎಣ್ಣೆ ಕರಗಿಸಿಡಬೇಕು ಎಂಬುದು ಆ ಕಡೆಯ ಮನೆಗಳಲ್ಲಿ ಯಾರೂ ಯಾರಿಗೂ ಕಲಿಸದ ಕ್ರಮ. ಒಲೆಗೆ ಬೆಂಕಿ ಹಾಕಿದವರ ಕೈ ತಾನಾಗಿ ಎಣ್ಣೆ ಬಾಟಲಿಯ ಕಡೆಗೆ ಹೋಗುತ್ತದೆ. ಬೆಳುವಾಯಿಯಲ್ಲಿ ತಾನೂ ಅದನ್ನೇ ಮಾಡಿಕೊಂಡು ಬೆಳೆದದ್ದು. ಗಟ್ಟಿಯಾಗಲಿ ಎಂದು ಎಣ್ಣೆ ಇಡುವ ಮನುಷ್ಯರು ಲೋಕದಲ್ಲಿ ಇದ್ದಾರೆ ಎಂದು ಮಾಮಿಗೆ ತೋಚಲು ಕಾರಣವೇ ಇರಲಿಲ್ಲ.

"ಇವತ್ತು ಆದಿತ್ಯವಾರ. ತಲೆಗೆ ಹಚ್ಚಿ ಮಿಂದು ಹೋಗು. ಮುಖ ನೋಡು ಹೇಗಾಗಿದೆ, ಲೆಕ್ಕ ಮಾಡಿ ಮಾಡಿ," ಎನ್ನುತ್ತಾ ಮಾಮಿ ಬಾಲ್ದಿಯಿಂದ ಉಪ್ಪಿನಕಾಯಿ ಬಾಟಲಿಯನ್ನು ಎತ್ತಿದರು. ಅದು ಇನ್ನೂ ಪೂರ್ತಿ ಕರಗಿರಲಿಲ್ಲ. ಗಾಜಿನ ಉದ್ದಕ್ಕೂ ತೆಳ್ಳಗೆ ತಿಳಿ ಎಣ್ಣೆ, ನಡುವೆ ಬಿಳಿ ಕಂಬದಂತೆ ಗಟ್ಟಿ. ಮಾಮಿ ಬಾಟಲಿಯ ಹೊಟ್ಟೆಗೆ ಉಂಗುರದ ಬೆರಳಿನಿಂದ ಎರಡು ಸಲ ಬಡಿದರು.

ಗಟ್ಟಿ ಜಾರಿತು. ಮೆಲ್ಲಗೆ ಇಳಿದು ತಳದಲ್ಲಿ ಕೂತಿತು.

ಮಾಮಿ ಬಾಟಲಿಯನ್ನು ಮತ್ತೆ ಬಿಸಿ ನೀರಿಗೆ ಇಳಿಸಿದರು. ಗಟ್ಟಿ ಈಗ ಬಿಸಿಯಾದ ತಳಕ್ಕೆ ಒತ್ತಿಕೊಂಡು, ಕೆಳಗಿನಿಂದ ಕರಗುತ್ತಾ, ನೋಡನೋಡುತ್ತಿದ್ದಂತೆ ಗಿಡ್ಡವಾಗತೊಡಗಿತು.

ಶಶಿಪ್ರಭಾ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ಅವರ ಲೆಕ್ಕದಲ್ಲಿ ಗಟ್ಟಿ ಇರುವುದು ಡಬ್ಬಿಯ ನಡುವೆ. ಅದು ಅಲ್ಲೇ ನಿಂತು ನಾಲ್ಕೂ ಕಡೆಯಿಂದ ಸವೆಯುತ್ತದೆ. ಯಾರು ಹೇಳಿದ್ದು ಅದು ಅಲ್ಲೇ ನಿಲ್ಲುತ್ತದೆ ಎಂದು? ಯಾರೂ ಅಲ್ಲ. ಸಮೀಕರಣ ಬರೆಯುವ ಮೊದಲ ದಿನ ಚಿತ್ರ ಬಿಡಿಸುವಾಗ ಅವರೇ ನಡುವೆ ಬಿಡಿಸಿದ್ದರು. ಅವರು ಓದಿದ ಪುಸ್ತಕಗಳ ಉದಾಹರಣೆಗಳಲ್ಲೆಲ್ಲ ಇದ್ದದ್ದು ಮಂಜುಗಡ್ಡೆ; ಮಂಜುಗಡ್ಡೆಯೋ ತೇಲುತ್ತದೆ. ತೆಂಗಿನೆಣ್ಣೆ ಗಟ್ಟಿಯಾದರೆ ಕುಗ್ಗುತ್ತದೆ, ಮೇಲೆ ನಡುವಿನಲ್ಲಿ ಗುಳಿ ಬೀಳುತ್ತದೆ. ಅಂದರೆ ತಿಳಿ ಎಣ್ಣೆಗಿಂತ ಭಾರ. ಬದಿ ಬಿಟ್ಟಿತೋ, ತಳಕ್ಕೆ ಇಳಿಯುತ್ತದೆ. ಇದನ್ನು ಅವರು ಹಾಲುಹಲ್ಲು ಉದುರುವ ವಯಸ್ಸಿನಿಂದ, ಪ್ರತಿ ಚಳಿಗಾಲ, ಬಾಟಲಿ ಬಡಿದು ಬಡಿದು ನೋಡಿದ್ದರು. ಪ್ರಯೋಗಶಾಲೆಯ ಡಬ್ಬಿಗೆ ಕಣ್ಣಿರಲಿಲ್ಲ. ಸ್ಟೀಲು, ಅದರ ಮೇಲೆ ಮುಚ್ಚಳ. ಒಳಗೆ ನಡೆಯುವುದನ್ನು ಹೇಳಲು ಇದ್ದದ್ದು ತಂತಿಗಳು ಮಾತ್ರ. ತಳದ ತಂತಿ ಪ್ರತಿ ಸಲವೂ ನಿಜವನ್ನೇ ಹೇಳುತ್ತಿತ್ತು: ಗಟ್ಟಿ ನನ್ನ ಮೇಲೆ ಕೂತಿದೆ ಎಂದು. ಅವರಿಬ್ಬರೂ ಸೇರಿ ಅದನ್ನು ಹಾಳಾಗಿದೆ ಎಂದು ಕಿತ್ತೆಸೆದಿದ್ದರು.

ಶಶಿಪ್ರಭಾ ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಎಂತ ಆಯ್ತು ಇದಕ್ಕೆ? ಹೊಗೆ ಕುಡಿದಳಾ?" ಎಂದು ಮಾಮಿ ಗಾಬರಿಯಲ್ಲಿ ಕೂಗಿದರು. "ನಿತ್ಯಾ, ಬಾ ಒಮ್ಮೆ ಇಲ್ಲಿ!"

"ಹೊಗೆ ಅಲ್ಲ ಮಾಮಿ. ಇನ್ನೊಮ್ಮೆ ಮಾಡಿ. ಇನ್ನೊಂದು ಬಾಟಲಿ ಗಟ್ಟಿ ಎಣ್ಣೆ ಉಂಟಾ?"

ಅಡುಗೆಮನೆಯ ಬಾಟಲಿಯಿತ್ತು. ದೇವರ ದೀಪದ ಎಣ್ಣೆಯ ಬಾಟಲಿಯೂ ಇತ್ತು. ಅಣ್ಣನ ಹೆಂಡತಿಯ ತಲೆಗೆ ಹಚ್ಚುವ ಎಣ್ಣೆ ಕೂಡ ಬಂತು. ಒಂದೊಂದನ್ನೂ ಬಾಲ್ದಿಗೆ ಇಳಿಸಿ ನೋಡಿದರು. ಪ್ರಾಪ್ತಿ ಮೊಬೈಲು ಹಿಡಿದು ಚಿತ್ರೀಕರಣಕ್ಕೆ ನಿಂತಳು. "ವೀಕ್ಷಕರೇ, ನಮ್ಮ ಅಜ್ಜಿ ಈಗ ಬಾಟಲಿಗೆ ಬಡಿಯಲಿದ್ದಾರೆ," ಎಂದು ಅವಳು ಹೇಳಿದಾಗಲೆಲ್ಲ ಮಾಮಿ ಸೆರಗು ಸರಿಮಾಡಿಕೊಂಡು, ಮೊದಲಿಗಿಂತ ಗಂಭೀರವಾಗಿ ಬಡಿದರು. ಪ್ರತಿ ಬಾಟಲಿಯಲ್ಲೂ ಗಟ್ಟಿ ಇಳಿಯಿತು. ಮನೆಯ ಎಣ್ಣೆಯೆಲ್ಲ ಕರಗಿ ಮುಗಿದ ಮೇಲೆ ನಿತ್ಯಾನಂದ, "ದೋಸೆಗೆ ಹಾಕ್ಲಿಕ್ಕೆ ಸ್ವಲ್ಪ ಕೊಡ್ತೀರಾ, ಇಲ್ಲ ಅದು ಕೂಡ ಪಿಎಚ್‌ಡಿಗೆ ಬೇಕಾ?" ಎಂದು ಕೇಳಿದರು.

ಅಶ್ವಿತ್‌ಗೆ ಫೋನು ಹೋಯಿತು. ಆದಿತ್ಯವಾರದ ನಿದ್ದೆಯಿಂದ ಎದ್ದವನು ಪೂರ್ತಿ ಕೇಳಿಸಿಕೊಂಡ.

"ಮೇಡಂ, ಅದು ನಮ್ಮ ಮನೆಯಲ್ಲೂ ಹಾಗೇ ಆಗ್ತದೆ."

"ಎಲ್ಲರ ಮನೆಯಲ್ಲೂ ಆಗ್ತದೆ."

"ಗಟ್ಟಿ ಮುಳುಗುವ ಬಗ್ಗೆ ಬೇರೆಯವರು ಬರೆದದ್ದು ಉಂಟು. ನಾನು ಓದಿದ್ದೇನೆ. ಓದಿಯೂ..."

"ನಾನೂ ಓದಿದ್ದೇನೆ. ಅದು ಬೇರೆ ಯಾವುದೋ ಮೇಣದ್ದು ಅಂತ ಬಿಟ್ಟದ್ದು."

"ಹಾಗಾದ್ರೆ ನಾವಿಬ್ರೂ..."

"ಹೌದು ಮಾರಾಯ. ಇಬ್ರೂ," ಎಂದರು ಶಶಿಪ್ರಭಾ. ಆ ಕಡೆ ಮಂಚ ಕಿರುಗುಟ್ಟಿದ ಸದ್ದು ಕೇಳಿತು; ಅವನು ಎದ್ದು ನಿಂತಿರಬೇಕು.

ಅಲ್ಲಿಂದ ಮುಂದಿನ ವಾರಗಳು ಕೆಲಸದವು. ಇಳಿಯುವ ಗಟ್ಟಿಯನ್ನು ಲೆಕ್ಕಕ್ಕೆ ತರುವುದೆಂದರೆ, ನಡೆಯುವ ಬದುವಿನ ಜೊತೆ ಇಡೀ ಗದ್ದೆಯೇ ಜಾರುವುದನ್ನು ಅಳೆದ ಹಾಗೆ. ಗಟ್ಟಿಯ ಅಡಿಯಲ್ಲಿ ಕರಗಿದ ಎಣ್ಣೆ ಕಾಗದದಷ್ಟು ತೆಳ್ಳಗೆ ಉಳಿಯುತ್ತದೆ, ಒದ್ದೆ ಸಿಮೆಂಟು ನೆಲಕ್ಕೂ ಜಾರುವ ಚಪ್ಪಲಿಗೂ ನಡುವೆ ನೀರು ಉಳಿದ ಹಾಗೆ. ಗಟ್ಟಿಯ ಭಾರ ಅದನ್ನು ಹಿಂಡಿ ಹೊರಹಾಕುತ್ತದೆ. ಹೊಸದಾಗಿ ಕರಗಿದ್ದು ಆ ಜಾಗಕ್ಕೆ ಬರುತ್ತದೆ. ಪದರ ತೆಳುವಾದಷ್ಟೂ ಶಾಖ ಬೇಗ ದಾಟುತ್ತದೆ. ಅದರ ಮೇಲೆ ತೆಂಗಿನೆಣ್ಣೆ ಒಂದೇ ಬಿಸಿಗೆ ಕರಗುವ ಪದಾರ್ಥವಲ್ಲ. ಮೊದಲು ಮೆತ್ತಗಾಗಿ, ಆಮೇಲೆ ತಿಳಿಯಾಗುತ್ತದೆ. ಮೇಣದ ಸೂತ್ರವನ್ನು ಎತ್ತಿ ಇಟ್ಟರೆ ನಡೆಯದು. ಶಶಿಪ್ರಭಾ ಅದನ್ನು ಬೆಳಗ್ಗಿನ ಹೊತ್ತು, ಹೋಟೆಲಿನ ಒಳಕೋಣೆಯ ಮೇಜಿನಲ್ಲಿ, ಗೋಳಿಬಜೆಯ ಹಿಟ್ಟು ನೆನೆಯುವ ಪಾತ್ರೆಗಳ ಪಕ್ಕದಲ್ಲಿ ಕೂತು ಬಿಡಿಸಿದರು.

ತಾಳೆ ನೋಡಲು ಒಂದು ಸರಳ ಉಪಾಯ ಅವರಿಗೇ ಹೊಳೆಯಿತು. ಮೂಡುಬಿದಿರೆ ಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ ಉದ್ದ ಮೊಳೆಗಳನ್ನು ತಂದು, ಒಂದು ಡಬ್ಬಿಯ ಒಳಗೆ ಅಡ್ಡ ಕೂಡಿಸಿದರು. ಗಟ್ಟಿ ಆ ಮೊಳೆಗಳಲ್ಲಿ ಸಿಕ್ಕಿಕೊಂಡು ಕೆಳಗೆ ಇಳಿಯಲಾರದೆ ನಿಂತಿತು. ಕರಗಲು ಹಿಡಿದ ಹೊತ್ತು ಹಳೆಯ ಲೆಕ್ಕಕ್ಕೆ ಸರಿಹೊಂದಿತು. ಮೊಳೆಯಿಲ್ಲದ ಡಬ್ಬಿ ಹೊಸ ಲೆಕ್ಕಕ್ಕೆ ಸರಿಹೊಂದಿತು. ಲೆಕ್ಕದ ಗೆರೆಯೂ ಪ್ರಯೋಗದ ಗೆರೆಯೂ ಕಂಪ್ಯೂಟರಿನ ಪರದೆಯ ಮೇಲೆ ಒಂದರ ಮೇಲೊಂದು ಬಿದ್ದಾಗ ಅಶ್ವಿತ್, ವಿಭಾಗದಲ್ಲಿದ್ದೇನೆ ಎಂಬುದನ್ನೂ ಮರೆತು, ಬಾಯಿಗೆ ಬೆರಳಿಟ್ಟು ಸೀಟಿ ಹೊಡೆದ. ಪಕ್ಕದ ಕೋಣೆಯಿಂದ ಅಟೆಂಡರ್ ಓಡಿ ಬಂದರು.

ಪಾಣೆಮಂಗಳೂರಿಗೆ ಹೋಗಿ ರವೂಫ್ ಅವರ ಮುಂದೆ ನಿಂತು, "ನಿಮ್ಮ ಎಣ್ಣೆಯಲ್ಲಿ ಎಂತ ತಪ್ಪೂ ಇಲ್ಲ," ಎಂದು ಹೇಳಿ ಬರುವುದೂ ಆಯಿತು. ರವೂಫ್ ಯಂತ್ರ ನಿಲ್ಲಿಸಿ, "ಇನ್ನೊಮ್ಮೆ ಹೇಳಿ. ಆಗ ಬೈದದ್ದು ಕೇಳಿದವರೆಲ್ಲ ಇದನ್ನೂ ಕೇಳಲಿ," ಎಂದರು. ಶಶಿಪ್ರಭಾ ಇನ್ನೊಮ್ಮೆ ಹೇಳಿದರು.

ಮಾರ್ಚ್ ಮೂರನೆಯ ವಾರ, ಕಾಲೇಜಿನ ಸಭಾಕೊಠಡಿಯಲ್ಲಿ ಪ್ರಬಂಧ ಸಲ್ಲಿಸುವ ಮುಂಚಿನ ಕೊನೆಯ ಮಂಡನೆ. ಹೊರಗಿನಿಂದ ಬಂದ ತಜ್ಞೆ ಮಿತಭಾಷಿ. ಮುಖದಲ್ಲಿ ಏನೂ ತೋರಿಸುವವರಲ್ಲ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಗಟ್ಟಿ ಮುಳುಗುತ್ತದೆ ಎನ್ನುವುದು ಹೊಸ ವಿಷಯವಲ್ಲ. ಇಷ್ಟು ವರ್ಷ ಅದನ್ನು ಯಾಕೆ ಬಿಟ್ಟಿರಿ?"

ಅಶ್ವಿತ್ ನೀರಿನ ಲೋಟಕ್ಕೆ ಕೈಹಾಕಿ, ಹಾಗೆಯೇ ಬಿಟ್ಟ.

"ನನಗೆ ಅದು ಗೊತ್ತಿತ್ತು ಮೇಡಂ," ಎಂದರು ಶಶಿಪ್ರಭಾ. "ಮನೆಯಲ್ಲಿ ಗೊತ್ತಿತ್ತು. ಕಾಲೇಜಿಗೆ ಬರುವಾಗ ಅದನ್ನು ಬಚ್ಚಲಿನಲ್ಲೇ ಬಿಟ್ಟು ಬರ್ತಿದ್ದೆ."

ತಜ್ಞೆ ಮೊದಲು ನಗಲಿಲ್ಲ. ಆಮೇಲೆ, ಕಾಗದಗಳನ್ನು ಜೋಡಿಸುತ್ತಾ, ನಕ್ಕರು. ಎಣ್ಣೆ ಮೆತ್ತಗಾಗುವ ಹಂತವನ್ನು ಲೆಕ್ಕಕ್ಕೆ ತಂದ ರೀತಿಯ ಬಗ್ಗೆ ಬಹಳ ಹೊತ್ತು ವಿಚಾರಿಸಿದರು. ಅದನ್ನು ತಾನು ಬೇರೆಲ್ಲೂ ನೋಡಿಲ್ಲ ಎಂದರು. ಎರಡು ಕಡೆ ತಿದ್ದುಪಡಿ ಹೇಳಿದರು.

ಶಶಿಪ್ರಭಾ ಅವರನ್ನು ಹೊರಗೆ ಕೂರಿಸಿ ಸಮಿತಿ ಮಾತಾಡಿಕೊಂಡಿತು. ಬಾಗಿಲು ತೆರೆದು ಮೊದಲು ಹೊರಬಂದವನು ಅಶ್ವಿತ್.

"ಈ ತಿಂಗಳೇ ಸಲ್ಲಿಸಬಹುದಂತೆ ಮೇಡಂ."

"ತಿದ್ದುಪಡಿ?"

"ಎರಡು ದಿನದ ಕೆಲಸ. ಆಗ್ತದೆ." ಶಶಿಪ್ರಭಾ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಕಾರಿಡಾರಿನಲ್ಲಿ ಹೋಗುತ್ತಿದ್ದ ಹುಡುಗರು ಅದನ್ನು ನೋಡಿ, ನೋಡದ ಹಾಗೆ ಮುಂದೆ ಹೋದರು.

ಮಧ್ಯಾಹ್ನದ ಮೊದಲ ಪಿರಿಯಡ್ ಶಶಿಪ್ರಭಾ ಅವರದೇ. ರಜೆ ಹಾಕಬಹುದಿತ್ತು, ಹಾಕಲಿಲ್ಲ. ಅವರು ತರಗತಿಗೆ ಹೋಗುವಷ್ಟರಲ್ಲಿ ಸುದ್ದಿ ಅಲ್ಲಿಗೆ ತಲುಪಿತ್ತು. ಬಾಗಿಲು ದಾಟಿದ್ದೇ ತಡ, ಇಡೀ ತರಗತಿ ಡೆಸ್ಕು ಬಡಿಯತೊಡಗಿತು. ಕಿಟಕಿಯ ಗಾಜುಗಳು ಅದುರಿದವು. ಮೇಲಿನ ಮಹಡಿಯಿಂದ ಯಾರೋ ಇಣುಕಿ ನೋಡಿದರು. ಶಶಿಪ್ರಭಾ ಕೈಯೆತ್ತಿ ನಿಲ್ಲಿಸಲು ಹೊರಟವರು, ಕೈಯನ್ನು ಅರ್ಧಕ್ಕೆ ಇಳಿಸಿ, ಹಾಗೆಯೇ ನಿಂತು ಕೇಳಿಸಿಕೊಂಡರು.

"ಮೇಡಂ, ಹಾಗಾದ್ರೆ ಇವತ್ತು ಕ್ಲಾಸ್ ಇಲ್ಲ ಅಲ್ವಾ?" ಎಂದು ಹಿಂದಿನಿಂದ ಒಂದು ದನಿ ಕೇಳಿತು.

"ಉಂಟು," ಎಂದರು ಶಶಿಪ್ರಭಾ. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದರು. ನಗುತ್ತಲೇ ಎಳೆದ ಮೊದಲ ಗೆರೆ ಸೊಟ್ಟಗೆ ಬಂತು. ಅದನ್ನು ಒರೆಸಿ ಮತ್ತೆ ಎಳೆದರು.